ದೊಡ್ಡಕ್ಕನ ಹನ್ನೆರಡು ಉಸಿರು

ಶುಕ್ರವಾರ ಸಂಜೆ ತೀರಿಕೊಂಡವರು ಭಾನುವಾರ ಬೆಳಿಗ್ಗೆ ಸಹಿ ಹಾಕಿದ್ದರು.

ನರ್ಸಿಂಗ್ ಕಾಲೇಜಿನ ಪ್ರಾಂಶುಪಾಲರ ಮೇಜಿಗೆ ಸೋಮವಾರ ಎರಡು ಸುದ್ದಿ ಬೆನ್ನುಬೆನ್ನಿಗೆ ಬಂದವು. ಮೊದಲನೆಯದು ಫೋನಿನಲ್ಲಿ. ಹೆರಿಗೆ ಪಾಠದ ಹಿರಿಯ ಶಿಕ್ಷಕಿ, ಎಲ್ಲರ ಬಾಯಲ್ಲೂ ದೊಡ್ಡಕ್ಕ, ರಜೆ ಹಾಕಿ ತಂಗಿಯ ಮನೆಗೆ ಹೋಗಿದ್ದವರು ಎದೆನೋವೆಂದು ಮಲಗಿ ಮತ್ತೆ ಏಳಲಿಲ್ಲ. ಎರಡನೆಯದು ಕಂಪ್ಯೂಟರಿನಲ್ಲಿ. ಅದೇ ದೊಡ್ಡಕ್ಕ ಭಾನುವಾರ ಹತ್ತು ಗಂಟೆ ಎಂಟು ನಿಮಿಷಕ್ಕೆ ಒಬ್ಬ ವಿದ್ಯಾರ್ಥಿನಿಯನ್ನು ಪಾಸು ಮಾಡಿದ್ದಾರೆ.

ಪ್ರಾಂಶುಪಾಲರು ಒಂದು ಲೋಟ ನೀರು ಕುಡಿದರು. ಮತ್ತೆ ನೋಡಿದರು. ಸಹಿ ಅಲ್ಲೇ ಇತ್ತು.

ದಫ್ತರದಮ್ಮನನ್ನು ಕರೆಸಿದರು.

ಮೂವತ್ತನಾಲ್ಕು ವರ್ಷ ಆ ಕಾಲೇಜಿನ ದಾಖಲೆಗಳನ್ನು ಕಾಯ್ದವಳು ದಫ್ತರದಮ್ಮ. ಬೆಳಿಗ್ಗೆ ಬೀರುವಿನ ಬಾಗಿಲು ತೆರೆಯುವ ಮುನ್ನ ಕೈಮುಗಿಯುವುದು ಅವಳ ರೂಢಿ. ಎರಡು ವರ್ಷದ ಹಿಂದೆ ಅಂಕಗಳೆಲ್ಲ ಬ್ಲಾಕ್‌ಚೈನಿಗೆ ಹೋದ ಮೇಲೆ ಬೀರು ಖಾಲಿ ಹೊಡೆಯಿತು, ಕೈಮುಗಿಯುವುದು ಮಾತ್ರ ಉಳಿಯಿತು. ಆ ಬ್ಲಾಕ್‌ಚೈನಿಗೆ ಕಾಲೇಜಿನಲ್ಲಿ ಎಲ್ಲರೂ ಸರಪಳಿ ಎನ್ನುತ್ತಿದ್ದರು. ಒಂದು ಕೊಂಡಿಗೆ ಇನ್ನೊಂದು ಕೊಂಡಿ, ಅದರ ಪ್ರತಿ ನೂರಾರು ಕಡೆಯ ಯಂತ್ರಗಳಲ್ಲಿ. ಬರೆದದ್ದನ್ನು ಯಾರೂ ಅಳಿಸಲಾರರು. ಆಸ್ಪತ್ರೆಗಳು ಪ್ರಮಾಣಪತ್ರ ಕೇಳುವುದನ್ನೇ ಬಿಟ್ಟಿದ್ದವು. ಸರಪಳಿ ನೋಡಿ ಕೆಲಸಕ್ಕೆ ಕರೆಯುತ್ತಿದ್ದವು. ಹಣೆಬರಹ ಅಂದರೆ ಇದೇ ಇರಬೇಕು ಎಂದು ದಫ್ತರದಮ್ಮ ಒಮ್ಮೆ ಅಂದಿದ್ದಳು. ಬರೆಯುವವನು ದೇವರಲ್ಲ ಅನ್ನುವುದೊಂದೇ ವ್ಯತ್ಯಾಸ.

ಕೋಣೆಯಲ್ಲಿ ಆಗಲೇ ಇಬ್ಬರಿದ್ದರು. ಒಬ್ಬ, ಸರಪಳಿ ನೋಡಿಕೊಳ್ಳುವ ಇಂಜಿನಿಯರು. ಹುಡುಗಿಯರು ಅವನಿಗೆ ಇಟ್ಟ ಹೆಸರು ಕೊಂಡಿ ಮೇಷ್ಟ್ರು. ಇನ್ನೊಬ್ಬಳು ಪಾಸಾದ ವಿದ್ಯಾರ್ಥಿನಿ. ಎಲ್ಲದರಲ್ಲೂ ಓಡುವ ಇವಳನ್ನು ದೊಡ್ಡಕ್ಕ ‘ಕುದುರೆ’ ಎಂದೇ ಕರೆಯುತ್ತಿದ್ದರು. ಈಗ ಕುದುರೆ ಗೋಡೆಗೆ ಅಂಟಿ ನಿಂತಿದ್ದಳು. ಮೇಜಿನ ಮೇಲೆ ಅವಳ ಚೀಲ ಬಾಯಿ ತೆರೆದು ಬಿದ್ದಿತ್ತು.

“ಸಹಿಗೆ ಒಂದು ಬೀಗದ ಕೈ ಇದೆ,” ಎಂದರು ಪ್ರಾಂಶುಪಾಲರು. “ಬೀಗದ ಕೈ ಅಂದರೆ ಹನ್ನೆರಡು ಪದ. ಯಂತ್ರವೇ ಆರಿಸಿ ಕೊಡೋದು. ಪರೀಕ್ಷಕರು ಅದನ್ನ ಬರೆದು ಲಕೋಟೇಲಿ ಇಡಬೇಕು. ದೊಡ್ಡಕ್ಕನ ಲಕೋಟೆ ಈಗ ಒಡೆದೆ. ಒಳಗೆ ಏನಿತ್ತು ಗೊತ್ತಾ? ‘ನೆನಪಿದೆ’ ಅಂತ ಒಂದೇ ಮಾತು.”

“ಅವಳ ಹಾಗೇ ಇದೆ,” ಎಂದಳು ದಫ್ತರದಮ್ಮ.

“ಆದರೆ ಇವಳ ಪುಸ್ತಕದಲ್ಲಿ ಹನ್ನೆರಡೂ ಪದ ಸಿಕ್ಕಿವೆ. ಹಾಕಿ ನೋಡಿದೆವು. ತೆರೆಯಿತು.”

ಪುಸ್ತಕದ ಹಾಳೆಯಲ್ಲಿ ಓಡು ಅಕ್ಷರ: ಕೆರೆ, ಬೆಳಕು, ಕಲ್ಲು, ಹಾಲು, ಬಾಗಿಲು, ಗಾಳಿ, ಬೀಜ, ನೆರಳು, ಕೊಡ, ದಾರಿ, ಮರಳು, ತೊಟ್ಟಿಲು.

“ಅದು ಉಸಿರಿನ ಪಾಠ,” ಎಂದಳು ಕುದುರೆ. “ನೋವು ಬಂದಾಗ ಒಂದೊಂದು ಮಾತಿಗೆ ಒಂದೊಂದು ಉಸಿರು. ತಾಯಂದಿರ ಕಿವೀಲಿ ದೊಡ್ಡಕ್ಕ ಹೇಳ್ತಿದ್ದರು. ಅದು ಬೀಗದ ಕೈ ಅಂತ ನಮಗೆ ಹೇಗೆ ಗೊತ್ತಾಗಬೇಕು?”

“ಸರಪಳಿ ಸುಳ್ಳು ಹೇಳಲ್ಲ,” ಎಂದ ಕೊಂಡಿ ಮೇಷ್ಟ್ರು ಮೆಲ್ಲಗೆ. “ಪಾಪ, ಅವಸರಪಟ್ಟಿದಾಳೆ.”

ಪ್ರಾಂಶುಪಾಲರು ಗಡಿಯಾರ ನೋಡಿದರು. “ಹನ್ನೆರಡು ಗಂಟೆಗೆ ನರ್ಸಿಂಗ್ ಮಂಡಳಿಯವರು ಸರಪಳೀಲಿ ನಿಷೇಧ ದಾಖಲಿಸ್ತಾರೆ. ಇವಳ ಹೆಸರಿನ ಮುಂದೆ, ಕಳ್ಳಸಹಿ ಅಂತ.”

“ಆಮೇಲೆ ನಿಜ ಬೇರೆ ಅಂತ ಗೊತ್ತಾದರೆ?”

“ಅಳಿಸೋಕೆ ಬರಲ್ಲ, ದಫ್ತರದಮ್ಮ. ಎಲ್ಲಿ ಹೋದರೂ, ಯಾವ ದೇಶಕ್ಕೆ ಹೋದರೂ, ಮೊದಲು ಅದೇ ಕಾಣುತ್ತೆ. ಇವಳಿಗೆ ಎಂಬತ್ತು ವರ್ಷ ಆದಾಗಲೂ.”

ಕುದುರೆಗೆ ಇಪ್ಪತ್ತೆರಡು. ಅವಳು ಅಳಲಿಲ್ಲ. ಅಳುವುದಕ್ಕೂ ಒಂದು ಉಸಿರು ಬೇಕು.

“ಈಗ ಹತ್ತೂಕಾಲು,” ಎಂದಳು ದಫ್ತರದಮ್ಮ. “ನನಗೆ ವಾರ್ಡಿನ ರಿಜಿಸ್ಟರು ಬೇಕು. ಒಂದೂವರೆ ಗಂಟೆ ಹೊತ್ತೂ ಬೇಕು. ಮಂಡಳಿಗೆ ಬೇಕಾದ್ದು ನಾನು ಕೊಡ್ತೀನಿ.”

ಅವಳು ಮೊದಲು ಹೋದದ್ದು ತರಗತಿಗೆ. ಮೂವತ್ತೊಂದು ಹುಡುಗಿಯರ ಪುಸ್ತಕ ತರಿಸಿದಳು. ಮೂವತ್ತೊಂದರಲ್ಲೂ ಕೆರೆ, ಬೆಳಕು, ಕಲ್ಲು. ಒಬ್ಬಳು ಕಲ್ಲಿನ ಪಕ್ಕ ಹೂವು ಬರೆದಿದ್ದಳು.

ಆಮೇಲೆ ಹೆರಿಗೆ ವಾರ್ಡು. ಉದ್ದನೆಯ ಕೋಣೆ, ಆರು ಮಂಚ, ಕಿಟಕಿಯ ಪರದೆ ಅಲುಗುತ್ತಿರಲಿಲ್ಲ. ದೊಡ್ಡಕ್ಕ ಕೂರುತ್ತಿದ್ದ ಸ್ಟೂಲು ಗೋಡೆಯ ಹತ್ತಿರ ಇತ್ತು. ಅದರ ಮೇಲೆ ಯಾರೂ ಕೂತಿರಲಿಲ್ಲ. ದಫ್ತರದಮ್ಮ ರಿಜಿಸ್ಟರನ್ನು ಕಣ್ಣಿಗೊತ್ತಿಕೊಂಡು ತೆರೆದಳು. ಸರಪಳಿ ಬಂದ ಮೇಲೂ ದೊಡ್ಡಕ್ಕ ಇದನ್ನು ಬಿಟ್ಟಿರಲಿಲ್ಲ. ಯಂತ್ರಕ್ಕೆ ಅದರ ಊಟ, ನನಗೆ ನನ್ನ ಊಟ ಎನ್ನುತ್ತಿದ್ದರು. ದಫ್ತರದಮ್ಮ ಬೆರಳಿಟ್ಟು ಓದಿದಳು. ಒಂದು ಸಾಲಿನಲ್ಲಿ ಬೆರಳು ನಿಂತಿತು. ಪುಟ ತಿರುವಿ ಹಿಂದಕ್ಕೆ, ಇನ್ನೂ ಹಿಂದಕ್ಕೆ ಹೋದಳು. ವಾರ್ಡಿನ ಕಂಪ್ಯೂಟರಿನಲ್ಲಿ ಸರಪಳಿ ತೆರೆದು ಸಾಲಿಗೆ ಸಾಲು ಹೋಲಿಸಿದಳು.

ಕೊನೆಗೆ ಕೊಂಡಿ ಮೇಷ್ಟ್ರ ಕೋಣೆ. ಯಂತ್ರಗಳ ತಂಪಿಗೆ ಅಲ್ಲಿ ಸದಾ ಚಳಿ. ಗೋಡೆಯ ಮೇಲೆ ಬುಧವಾರದ ಫಲಕ ಸಿದ್ಧವಾಗಿತ್ತು. ಅಂದು ಹತ್ತು ಕಾಲೇಜಿನವರು ಸರಪಳಿ ನೋಡಲು ಬರುವವರು. ಮೇಜಿನ ಮೇಲೆ ಒಂದು ಫೋಟೋ: ಬಟ್ಟೆಯಲ್ಲಿ ಸುತ್ತಿದ ಎಳೆ ಕೂಸು, ಹಿಡಿದವನ ಕೈ ಮಾತ್ರ ಕಾಣುತ್ತಿತ್ತು.

“ಮಗಳೇನಪ್ಪ?”

“ಹೌದಮ್ಮ. ಹುಟ್ಟಿ ಐದು ನಿಮಿಷ ಆಗಿರಲಿಲ್ಲ. ಈಗ ಒಂದೂವರೆ ವರ್ಷ, ಮನೆ ತುಂಬಾ ಓಡ್ತಾಳೆ.”

“ಇಲ್ಲೇ ಹುಟ್ಟಿದ್ದಾ?”

“ಇಲ್ಲೇ. ಹೆಂಡತಿ ಕೈ ಬಿಡಲಿಲ್ಲ, ಒಳಗೇ ನಿಂತಿದ್ದೆ. ಅಳು ಕೇಳಿದ ತಕ್ಷಣ ದೊಡ್ಡಕ್ಕ ಕೂಸನ್ನ ಕೈಗೆ ಕೊಟ್ಟು, ‘ನಡಿ, ಅಜ್ಜಿಗೆ ತೋರಿಸು’ ಅಂತ ಆಚೆ ಕಳಿಸಿದರು.” ಅವನು ನಕ್ಕ.

ದಫ್ತರದಮ್ಮನೂ ನಕ್ಕಳು. “ಈ ಸಲದ ಹುಡುಗಿಯರ ಫಲಿತಾಂಶ ಸರಪಳೀಲಿ ಇಷ್ಟು ದಿನ ಯಾಕೆ ನಿಂತಿತ್ತು?”

“ಕುದುರೆ ಒಬ್ಬಳದ್ದೇ ಬಾಕಿ. ಒಂದು ಅಂಕ ಬೀಳದಿದ್ದರೆ ಮೂವತ್ತೊಂದು ಜನದ ಪ್ರಮಾಣಪತ್ರವೂ ಹೊರಡಲ್ಲ. ನಿಯಮ ಹಾಗಿದೆ.”

“ದೊಡ್ಡಕ್ಕನ ಪದ ನೀನು ನೋಡಿದ್ದೆಯಾ?”

“ಇಲ್ಲ. ಪದ ಕಾಣೋ ಹೊತ್ತಿಗೆ ನಾವು ಮುಖ ಆ ಕಡೆ ತಿರುಗಿಸಬೇಕು. ತಿರುಗಿಸಿದ್ದೆ. ಪ್ರಾಂಶುಪಾಲರೇ ಸಾಕ್ಷಿ.”

ಹನ್ನೊಂದು ಮುಕ್ಕಾಲಕ್ಕೆ ನಾಲ್ವರೂ ಮತ್ತೆ ಪ್ರಾಂಶುಪಾಲರ ಕೋಣೆಯಲ್ಲಿ ಸೇರಿದರು. ದಫ್ತರದಮ್ಮ ರಿಜಿಸ್ಟರನ್ನು ಮೇಜಿನ ಮೇಲಿಟ್ಟಳು.

“ಹನ್ನೆರಡು ಮಾತು ಇವಳೊಬ್ಬಳ ಹತ್ತಿರ ಅಲ್ಲ, ಮೂವತ್ತೊಂದು ಪುಸ್ತಕದಲ್ಲೂ ಇದೆ. ಯಂತ್ರ ಕೊಟ್ಟ ಪದ ಮರೆಯಬಾರದು ಅಂತ ದೊಡ್ಡಕ್ಕ ಅದನ್ನೇ ಉಸಿರಿನ ಪಾಠ ಮಾಡಿಕೊಂಡಿದ್ದಳು.”

“ಹಾಗಾದರೆ ಮೂವತ್ತೊಂದು ಕಳ್ಳಿಯರಾ?” ಎಂದರು ಪ್ರಾಂಶುಪಾಲರು.

“ಒಬ್ಬಳೂ ಅಲ್ಲ. ಭಾನುವಾರ ಸಹಿಯಾದ ದಾಖಲೆ ಓದಿ, ಸಾರ್. ದೊಡ್ಡಕ್ಕ ರಜೆಗೆ ಹೋಗೋ ಮುಂಚೆ ಇವಳು ಮಾಡಿಸಿದ ಹೆರಿಗೆ, ಅದು ಮುಗಿದ ವೇಳೆ ಎಷ್ಟು ಅಂತಿದೆ?”

“ಹನ್ನೊಂದು ಇಪ್ಪತ್ತು.”

“ಕುದುರೆ, ನೀನು ಹೇಳಮ್ಮ. ಆ ಹೆರಿಗೆ ಎಷ್ಟು ಹೊತ್ತಿಗೆ ಮುಗೀತು?”

“ಹನ್ನೊಂದು ನಲವತ್ತೈದು,” ಎಂದಳು ಕುದುರೆ, ಯೋಚಿಸದೆ. “ಕೂಸು ಬಂದದ್ದು ಇಪ್ಪತ್ತಕ್ಕೆ. ಹೊಕ್ಕುಳಬಳ್ಳಿ ಅಂಟಿರೋ ಮಾಸು ಆಮೇಲೆ ಬೀಳೋಕೆ ಇಪ್ಪತ್ತೈದು ನಿಮಿಷ ಹಿಡೀತು. ನಾನು… ನಾನು ತಡೀಲಾರದೆ ಬಳ್ಳಿ ಎಳೆಯೋಕೆ ಹೋದೆ. ದೊಡ್ಡಕ್ಕ ಕೈಗೆ ಹೊಡೆದರು. ಅದಕ್ಕೇ ಪಾಸು ಕೊಡಲಿಲ್ಲ. ಆ ಇಪ್ಪತ್ತೈದು ನಿಮಿಷ ಮರೆಯೋಕಾಗುತ್ತಾ?”

ರಿಜಿಸ್ಟರಿನಲ್ಲಿ ದೊಡ್ಡಕ್ಕನ ದುಂಡು ಅಕ್ಷರ: ಕೂಸು ಹನ್ನೊಂದು ಇಪ್ಪತ್ತು. ಮಾಸು ಹನ್ನೊಂದು ನಲವತ್ತೈದು. ಕೈ ಅವಸರ. ಇನ್ನೊಂದು ಹೆರಿಗೆ ನೋಡಿ ಪಾಸು ಕೊಡುವುದು.

“ಕೂಸು ಅತ್ತರೆ ಹೆರಿಗೆ ಮುಗೀತು ಅನ್ನೋದು ಹೊರಗಿನವರ ಲೆಕ್ಕ,” ಎಂದಳು ದಫ್ತರದಮ್ಮ. “ಮಾಸು ಬೀಳೋವರೆಗೂ ತಾಯಿ ಒಂದು ಕಾಲು ಆ ದಡದಲ್ಲಿ ಇಟ್ಟಿರ್ತಾಳೆ. ಅದು ತಾನಾಗಿ ಬಿಡೋ ಮುಂಚೆ ಬಳ್ಳಿ ಎಳೆದರೆ ರಕ್ತ ನಿಲ್ಲಲ್ಲ. ಇಲ್ಲಿ ಕಲಿತ ಯಾವ ಹುಡುಗಿಯೂ ಇಪ್ಪತ್ತು ಅಂತ ಬರೆಯಲ್ಲ. ಬರೆದವರು ನರ್ಸು ಅಲ್ಲ. ಕಂಪ್ಯೂಟರಿನ ಜನನ ದಾಖಲೆ ನೋಡಿ ಬರೆದವರು. ಅದರಲ್ಲಿ ಕೂಸಿನ ವೇಳೆ ಬಿಟ್ಟರೆ ಬೇರೆ ಇರಲ್ಲ.”

ಪ್ರಾಂಶುಪಾಲರು ಸರಿದು ಕೂತರು. “ನಾನೂ ನರ್ಸು ಅಲ್ಲವಲ್ಲ.”

“ನೀವು ರಕ್ತ ಕಂಡರೆ ಬೀಳೋರು, ಸಾರ್. ಹೆರಿಗೆ ಕೋಣೆ ಹೊಸ್ತಿಲು ತುಳಿದಿಲ್ಲ. ಉಸಿರಿನ ಪಾಠ ನಿಮ್ಮ ಕಿವಿಗೆ ಬಿದ್ದಿಲ್ಲ. ಹುಡುಗಿಯರು ಕೇಳಿದಾರೆ, ಆದರೆ ಬೀಗದ ಕೈ ಅನ್ನೋದು ಹನ್ನೆರಡು ಪದ ಅಂತ ಅವರಿಗೆ ಗೊತ್ತಿಲ್ಲ. ಎರಡೂ ಗೊತ್ತಿರೋ ಮನುಷ್ಯ ಒಬ್ಬನೇ. ಹೆಂಡತಿ ಕೈ ಹಿಡಿದು ನಿಂತು, ಗಂಟೆಗಟ್ಟಲೆ ಆ ಹನ್ನೆರಡು ಮಾತು ಕೇಳಿದವನು. ಕೂಸು ಅತ್ತ ತಕ್ಷಣ ಅದನ್ನ ಎತ್ತಿಕೊಂಡು ಆಚೆ ಹೋದವನು. ಆಮೇಲೆ ಒಳಗೆ ಏನಾಯ್ತು, ಅವನು ನೋಡಲಿಲ್ಲ.”

ಮೇಲಿನ ಫ್ಯಾನು ಕಿರುಗುಟ್ಟುತ್ತಿತ್ತು.

“ಬೆಳಿಗ್ಗೆ ಇವಳ ಚೀಲ ನೋಡೋಣ ಅಂದದ್ದು ಯಾರು, ಸಾರ್?”

ಪ್ರಾಂಶುಪಾಲರ ಕಣ್ಣು ನಿಧಾನವಾಗಿ ಕೊಂಡಿ ಮೇಷ್ಟ್ರ ಕಡೆ ತಿರುಗಿತು.

“ಬುಧವಾರ ಹತ್ತು ಕಾಲೇಜು ಬರ್ತಿತ್ತು,” ಎಂದ ಅವನು ನೆಲ ನೋಡುತ್ತ. “ಒಬ್ಬಳಿಗೋಸ್ಕರ ಇಡೀ ಸರಪಳಿ ನಿಂತಿದೆ ಅಂತ ಹೇಗೆ ತೋರಿಸಲಿ? ದೊಡ್ಡಕ್ಕ ಒಂದು ವಾರ ಬರಲ್ಲ ಅಂದುಕೊಂಡೆ. ಅವರು ಯಂತ್ರ ಮುಟ್ಟಿ ನೋಡೋರಲ್ಲ. ತೀರಿಹೋಗಿದಾರೆ ಅಂತ ಗೊತ್ತಿರಲಿಲ್ಲ, ಅಮ್ಮ. ದೇವರಾಣೆ ಗೊತ್ತಿರಲಿಲ್ಲ.”

“ಗೊತ್ತಾದ ಮೇಲೆ ಈ ಹುಡುಗಿಯ ಹೆಸರು ಹೇಳಿದೆಯಲ್ಲಪ್ಪ.”



ಪ್ರಾಂಶುಪಾಲರು ಮಂಡಳಿಗೆ ಫೋನು ಮಾಡಿ ನಿಷೇಧ ತಡೆದರು. ಹನ್ನೆರಡಕ್ಕೆ ನಾಲ್ಕು ನಿಮಿಷ ಬಾಕಿ ಇತ್ತು. ಕುದುರೆಯ ಫೋನಿನಲ್ಲಿ, ಸರಪಳಿ ನೋಡಿದ ಆಸ್ಪತ್ರೆಯೊಂದರ ಕೆಲಸದ ಕರೆ ಆಗಲೇ ಬಂದು ಕೂತಿತ್ತು: ನಾಳೆ ಬೆಳಿಗ್ಗೆ ಎಂಟಕ್ಕೆ, ಹೆರಿಗೆ ವಾರ್ಡು.

“ನಾನು ಹೋಗಲ್ಲ,” ಎಂದಳು ಅವಳು. “ದೊಡ್ಡಕ್ಕ ಹೇಳಿದ ಇನ್ನೊಂದು ಹೆರಿಗೆ ಬಾಕಿ ಇದೆ.”

ದಫ್ತರದಮ್ಮ ಅವಳ ತಲೆಯ ಮೇಲೆ ಕೈಯಿಟ್ಟಳು. ಆದರೆ ಕೂರಲಿಲ್ಲ. ರಿಜಿಸ್ಟರಿನ ಹಿಂದಿನ ಪುಟಗಳಲ್ಲಿ ಎರಡು ಕಡೆ ದಾರ ಇಟ್ಟಿದ್ದಳು.

“ಕೊಂಡಿ ಮೇಷ್ಟ್ರೇ, ಹೋದ ವರ್ಷದ ತಂಡ. ಇಲ್ಲೊಬ್ಬಳು, ಇಲ್ಲೊಬ್ಬಳು. ದೊಡ್ಡಕ್ಕ ‘ಕೈ ಅವಸರ, ಇನ್ನೊಂದು ನೋಡಬೇಕು’ ಅಂತ ಬರೆದಿದಾಳೆ. ಸರಪಳೀಲಿ ಇಬ್ಬರೂ ಪಾಸು. ವೇಳೆ ಮಾತ್ರ ಕೂಸು ಅತ್ತದ್ದು. ಇವೂ ನಿನ್ನವೇನಾ?”

ಅವನ ಮುಖ ಬೂದಿಯಾಯಿತು. “ತಂಡ ಹೊರಡಬೇಕಿತ್ತು…”

“ಈಗ ಎಲ್ಲಿದಾರೆ?”

“ಕೆಲಸದಲ್ಲಿ. ಇಬ್ಬರೂ ಒಂದೇ ಆಸ್ಪತ್ರೆ. ಹೆರಿಗೆ ವಾರ್ಡು.”

ದಫ್ತರದಮ್ಮ ಪ್ರಾಂಶುಪಾಲರ ಕೈಯಿಂದ ಫೋನು ತೆಗೆದುಕೊಂಡಳು. ಎಂಟು ಸಲ ಬಾರಿಸಿದ ಮೇಲೆ ಆ ಕಡೆ ಒಬ್ಬ ಆಯಾ ಎತ್ತಿದಳು. ದಫ್ತರದಮ್ಮ ಇಬ್ಬರ ಹೆಸರೂ ಹೇಳಿದಳು.

“ಒಬ್ಬರಿಗೆ ರಜೆ. ಇನ್ನೊಬ್ಬರು ಒಳಗಿದಾರೆ, ಒಬ್ಬರೇ. ಹೆರಿಗೆ ನಡೀತಿದೆ. ಆಮೇಲೆ ಮಾಡಿ.”

“ಕೂಸು ಬಂತಾ?”

“ಈಗ ತಾನೇ ಅತ್ತಿತು. ಹೆಣ್ಣು. ಇನ್ನೇನು, ಮುಗೀತು.”

“ಮುಗಿದಿಲ್ಲ ತಾಯಿ,” ಎಂದಳು ದಫ್ತರದಮ್ಮ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಬಾರಿ ಅವಳ ದನಿ ನಡುಗಿತು. “ಫೋನು ಕೆಳಗಿಟ್ಟು ಓಡು. ಎಳೀಬೇಡ ಅಂತ ಅವಳಿಗೆ ಹೇಳು. ದೊಡ್ಡಕ್ಕ ಹೇಳಿದಳು ಅಂತ ಹೇಳು.”

ಆ ಕಡೆ ಫೋನು ಮೇಜಿಗೆ ತಾಗಿದ ಸದ್ದು. ಓಡುವ ಚಪ್ಪಲಿಯ ಸದ್ದು. ಬಾಗಿಲು. ಆಮೇಲೆ ಕೂಸಿನ ಅಳುವೊಂದೇ ಕೇಳುತ್ತಿತ್ತು.

ಕುದುರೆ ಕಣ್ಣು ಮುಚ್ಚಿ, ಒಂದೊಂದು ಉಸಿರಿಗೆ ಒಂದೊಂದು ಮಾತು, ಮೆಲ್ಲಗೆ ಎಣಿಸತೊಡಗಿದಳು. ಕೆರೆ. ಬೆಳಕು. ಕಲ್ಲು.