ಕೆಂಪು ಚುಕ್ಕೆಯ ಜಾಗ

ತಾರಿಣಿ ತನ್ನ ಪೆಟ್ಟಿಗೆಯ ತಂತಿಯ ತುದಿಯನ್ನು ಪಾಲಯ್ಯ ಮೇಷ್ಟ್ರ ರೇಡಿಯೊಗೆ ಸಿಕ್ಕಿಸಿದಳು. ಕಂಪ್ಯೂಟರ್ ಪರದೆಯ ಮೇಲೆ ಓರೆಯಾಗಿ ಜಾರುತ್ತಿದ್ದ ಹಸಿರು ಗೆರೆ ಒಮ್ಮೆ ನಡುಗಿ ನೆಟ್ಟಗೆ ನಿಂತಿತು. ಅದುವರೆಗೆ ಬಾತುಕೋಳಿಯ ಹಾಗೆ ಕೂಗುತ್ತಿದ್ದ ದಾವಣಗೆರೆಯ ಹವ್ಯಾಸಿಯೊಬ್ಬರ ದನಿ ಎದುರಿಗೇ ಕೂತು ಮಾತಾಡಿದಷ್ಟು ಸ್ಪಷ್ಟವಾಯಿತು.

"ಮೂರು ತಿಂಗಳು ನಾನು ಗುದ್ದಾಡಿದ್ದನ್ನ ಟೀ ಆರೋದ್ರೊಳಗೆ ಮುಗಿಸಿಬಿಟ್ಟೆಯಲ್ಲಮ್ಮ" ಎಂದರು ಮೇಷ್ಟ್ರು.

ಸೌರಮಾರುತಗಳು ಮೇಲಿಂದ ಮೇಲೆ ಬೀಸಿ ಉಪಗ್ರಹಗಳು ಕೆಟ್ಟು, ಫೋನು ಊರೊಳಗಿನ ಮಾತಿಗಷ್ಟೇ ಉಳಿದಿದ್ದ ಕಾಲ ಅದು. ದೂರದವರ ಜೊತೆ ಮಾತಾಡಲು ಜನ ಹವ್ಯಾಸಿ ರೇಡಿಯೊಗೆ ಮರಳಿದ್ದರು. ಹಳೆಯ ಬಿಡಿಭಾಗಗಳನ್ನು ಕೂಡಿಹಾಕಿ ಸೆಟ್ಟನ್ನು ಮನೆಯಲ್ಲೇ ಕಟ್ಟುತ್ತಿದ್ದರು. ಕಟ್ಟುವುದೇನೋ ಕಟ್ಟಬಹುದು, ಅದನ್ನು ಹದಕ್ಕೆ ತರುವುದೇ ತಲೆನೋವು. ರೇಡಿಯೊ ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದೇ ಅದರ ವಿಳಾಸ. ಅದಕ್ಕೆ ಆವರ್ತನ ಎಂದು ಹೆಸರು. ಸೆಟ್ಟು ಬಿಸಿಯಾದಂತೆ ಆ ವಿಳಾಸ ಜಾರುತ್ತದೆ.

ತಾರಿಣಿ ತನ್ನ ಪ್ರಯೋಗಾಲಯದಲ್ಲಿ ಕಟ್ಟಿದ ಪೆಟ್ಟಿಗೆ ಅದಕ್ಕೆ ಮದ್ದು. ನೆಲದ ಮೇಲಿನ ಕೇಂದ್ರದಿಂದ ಬರುವ ಪರಮಾಣು ಗಡಿಯಾರದ ಸಂಕೇತವನ್ನು ಆಲಿಸುತ್ತ ಅದರೊಳಗಿನ ಕಂಪ್ಯೂಟರು ಸೆಟ್ಟನ್ನು ಕ್ಷಣಕ್ಷಣಕ್ಕೂ ತಿದ್ದುತ್ತಿತ್ತು. ಯಾರಾದರೂ ಗುಂಡಿ ಅಲುಗಿಸಿದರೆ ಮತ್ತೆ ಎಳೆದು ಸರಿಯಾದ ಜಾಗಕ್ಕೇ ತರುತ್ತಿತ್ತು. ಆವರ್ತನ ತಪ್ಪಿ ಬರುವ ಸದ್ದನ್ನೆಲ್ಲ ಗದ್ದಲವೆಂದು ಅಳಿಸಿಹಾಕುತ್ತಿತ್ತು. ಈ ಕೊನೆಯ ಗುಣದ ಬಗ್ಗೆ ಅವಳಿಗೆ ತುಸು ಹೆಚ್ಚೇ ಹೆಮ್ಮೆ. ರಾಜ್ಯದ ಹವ್ಯಾಸಿಗಳಿಗೆಲ್ಲ ಸರ್ಕಾರದಿಂದ ಪೆಟ್ಟಿಗೆ ಹಂಚುವ ಏರ್ಪಾಡು ನಡೆದಿತ್ತು. ಮೊದಲನೆಯದನ್ನು ತನಗೆ ಡ್ರಾಯಿಂಗ್ ಕಲಿಸಿದ ಮೇಷ್ಟ್ರಿಗೇ ಕೊಡೋಣವೆಂದು ಅವಳು ಚಿತ್ರದುರ್ಗಕ್ಕೆ ಬಂದಿದ್ದಳು.

ಮೇಷ್ಟ್ರಿಗೆ ರೇಡಿಯೊ ಎಂದರೆ ಹಸನಬ್ಬ. ಉಳ್ಳಾಲದಲ್ಲಿ ದೋಣಿಯ ಎಂಜಿನ್ ರಿಪೇರಿ ಮಾಡುವ ಆ ಮನುಷ್ಯನನ್ನು ಅವರು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಆದರೂ ವರ್ಷಗಳಿಂದ ದಿನಾ ಬೆಳಿಗ್ಗೆ ಇಬ್ಬರಿಗೂ ಮಾತು. ಸೇರುವ ಜಾಗಕ್ಕೆ ಡಯಲ್ಲಿನ ಮೇಲೆ ಕೆಂಪು ಉಗುರುಬಣ್ಣದ ಒಂದು ಚುಕ್ಕೆ. ಹೃದಯದ ಪರೀಕ್ಷೆಗೆ ಆಸ್ಪತ್ರೆಗೆ ಹೋಗುತ್ತೇನೆ, ಏನಾಯಿತೆಂದು ನಾಳೆ ಹೇಳುತ್ತೇನೆ ಎಂದು ಹಸನಬ್ಬ ಅಂದು ಬೆಳಿಗ್ಗೆಯಷ್ಟೇ ಹೇಳಿದ್ದ.

ಮರುದಿನ ಕೆಂಪು ಚುಕ್ಕೆಯಲ್ಲಿ ಯಾರೂ ಇರಲಿಲ್ಲ. ಅದರ ಮರುದಿನವೂ ಇಲ್ಲ. ವಾರ ಕಳೆದು ಒಂದು ಬೆಳಿಗ್ಗೆ ತಾರಿಣಿ ಮತ್ತೆ ಬಂದಾಗ ಮೇಷ್ಟ್ರು ಗಡ್ಡ ಬಿಟ್ಟುಕೊಂಡು ಸೆಟ್ಟಿನ ಮುಂದೆ ಸುಮ್ಮನೆ ಕೂತಿದ್ದರು.

"ನಿನ್ನ ಯಂತ್ರದ್ದೇನೂ ತಪ್ಪಿಲ್ಲ ಕಣಮ್ಮ. ಆ ಕಡೆ ಮಾತಾಡೋನು ಇದ್ರೆ ತಾನೆ ಕೇಳಿಸೋದು."

ಅವಳು ಪರದೆ ನೋಡಿದಳು. ಗೆರೆ ನೆಟ್ಟಗಿತ್ತು, ಸ್ಪೀಕರು ನಿಶ್ಶಬ್ದವಾಗಿತ್ತು. ಪ್ರಯೋಗಾಲಯದಲ್ಲಿ ಅವಳಿಗೆ ಬಹಳ ಇಷ್ಟವಾಗಿದ್ದ ಆ ನಿಶ್ಶಬ್ದ ಇಲ್ಲಿ ಹೆದರಿಕೆ ಹುಟ್ಟಿಸಿತು.

"ಮೇಷ್ಟ್ರೇ, ಈ ಚುಕ್ಕೆ ಇಟ್ರಲ್ಲ, ಯಾವ ಅಳತೆ ನೋಡಿ ಇಟ್ರಿ?"

"ಅಳತೆ ಎಲ್ಲಿ ಬಂತು? ಹಸನಬ್ಬ ನೆಟ್ಟಗೆ ಕೇಳಿಸಿದ ಜಾಗ ಅದು. ಅವನು ಜಾರಿದ್ರೆ ನಾನು ಸರೀತೀನಿ, ನಾನು ಜಾರಿದ್ರೆ ಅವನು ಸರೀತಾನೆ. ಚುಕ್ಕೆನೂ ಎರಡು ಸಲ ಅಳಿಸಿ ಹೊಸದಾಗಿ ಇಟ್ಟಿದೀನಿ."

ತಾರಿಣಿಗೆ ಥಟ್ಟನೆ ಹೊಳೆಯಿತು. ಗೆಳೆಯರಿಬ್ಬರೂ ಒಬ್ಬರಿಗೊಬ್ಬರು ಹೊಂದಿಕೊಳ್ಳುತ್ತ, ಜೊತೆಯಾಗಿಯೇ ಸರಿದು ಸರಿದು, ಉಳಿದವರ ಆವರ್ತನದಿಂದ ದೂರ ಹೋಗಿಬಿಟ್ಟಿದ್ದರು. ಇಬ್ಬರ ತಪ್ಪೂ ಒಂದೇ ಆಗಿದ್ದರಿಂದ ಇಬ್ಬರಿಗೂ ಅದು ತಪ್ಪೆಂದು ತಿಳಿದಿರಲಿಲ್ಲ. ಬಾತುಕೋಳಿಯ ಹಾಗೆ ಕೂಗುವುದು ಉಳಿದವರೇ ಎಂದುಕೊಂಡಿದ್ದರು. ಅವಳ ಪೆಟ್ಟಿಗೆ ಬಂದು ಒಬ್ಬರನ್ನು ಮಾತ್ರ ಸರಿಮಾಡಿತ್ತು. ಅತ್ತ ಹಸನಬ್ಬನಿಗೆ ಈಗ ಮೇಷ್ಟ್ರ ಕರೆಯೂ ಉಳಿದವರ ಕೂಗಿನಲ್ಲಿ ಸೇರಿಹೋಗಿತ್ತು.

ಅವಳು ತಂತಿ ಕಿತ್ತಳು. ಸ್ಪೀಕರಿನಲ್ಲಿ ಕೊರಕೊರ ಸದ್ದು ಬಂತು. ಮೇಷ್ಟ್ರ ಬೆರಳು ತಾನಾಗಿಯೇ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿತು.

"...ಹಸನಬ್ಬ ಮಾತಾಡುದು. ಇವತ್ತೂ ನೀವು ಇಲ್ಲ. ನನ್ನ ಹಾರ್ಟಿಗೆ ಎಂಥದೂ ಇಲ್ಲ ಅಂತೆ ಮೇಷ್ಟ್ರೇ. ನಿಮಗೇ ಎಂಥದೋ ಆಯ್ತು ಅಂತ ನನಗೆ ಹೆದರಿಕೆ ಮಾರಾಯ್ರೆ. ದಿನಾ ಕರೀತಾ ಇದ್ದೇನೆ."

ಮೇಷ್ಟ್ರು ಮೈಕು ಕೈಗೆತ್ತಿಕೊಂಡರು.

"ಬದುಕಿದ್ದೀನಪ್ಪ," ಎಂದರು. "ರಿಪೇರಿ ಮಾಡಿಸ್ಕೊಂಡಿದ್ದೆ, ಅಷ್ಟೇ."

ಅವರಿಬ್ಬರ ಮಾತು ಮುಗಿಯುವಂತಿರಲಿಲ್ಲ. ಕಿತ್ತ ತಂತಿಯನ್ನು ಹಿಡಿದು ಕೂತಿದ್ದ ತಾರಿಣಿಗೆ ಒಂದೇ ಯೋಚನೆ ಕೊರೆಯುತ್ತಿತ್ತು. ಪೆಟ್ಟಿಗೆಗೆ ಹಸನಬ್ಬನ ದನಿ ಕೇಳಿಸದೆ ಹೋಗಿದ್ದರೆ ಮಾತು ಬೇರೆ. ವಾರವಿಡೀ ಅದು ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡು, ಆಮೇಲೆ ಅಳಿಸಿತ್ತು.

ಅವಳು ಹಂಚಿಕೆ ನಿಲ್ಲಿಸಿದಳು. ಪೆಟ್ಟಿಗೆಯ ಅಳಿಸುವ ಗುಣವನ್ನು ತೆಗೆದುಹಾಕಿ, ಯಾರೂ ಇಲ್ಲವೆನ್ನುವ ಮೊದಲು ಅದು ಎಡಕ್ಕೂ ಬಲಕ್ಕೂ ಒಂದಿಷ್ಟು ಹುಡುಕಿ ಬರುವಂತೆ ಮಾಡಿದಳು. ಆಗ ಗದ್ದಲ ಬರುತ್ತದಲ್ಲ ಮೇಡಂ ಎಂದು ಅಧಿಕಾರಿಗಳು ರಾಗ ಎಳೆದರು. ಬರಲಿ ಎಂದಳು.

ಆ ಪೆಟ್ಟಿಗೆ ಇನ್ನೂ ಹುಟ್ಟಿಲ್ಲ. ಆದರೆ ಅದರ ಅಕ್ಕತಂಗಿಯರು ಈಗಾಗಲೇ ನಮ್ಮ ಜೇಬಿನ ಫೋನುಗಳಲ್ಲಿದ್ದಾರೆ. ನಮಗೆ ಹಿಡಿಸುವ ದನಿಗಳನ್ನು ಆರಿಸಿ ತಂದುಕೊಟ್ಟು, ಮಿಕ್ಕಿದ್ದನ್ನು ನಮಗೆ ಹೇಳದೆಯೇ ಒರೆಸಿಹಾಕುತ್ತಾರೆ. ನಮಗೂ ಅದು ಹಾಯಾಗಿಯೇ ಇದೆ. ಇವತ್ತು ಬೆಳಿಗ್ಗೆಯೂ ಯಾರೋ ನಮ್ಮನ್ನು ಕರೆದು ಕರೆದು, ಉತ್ತರ ಬಾರದೆ, ನಮಗೇ ಏನೋ ಆಗಿದೆ ಎಂದುಕೊಂಡು ಮೈಕು ಕೆಳಗಿಟ್ಟಿರಬಹುದು.