ಕೆಂಪು ಗೆರೆಯ ಪ್ಲೇಟು

ಢಬಾರ್!

ಬಾಗಿಲು ಮುಚ್ಚಿತು. ಹೊರಗಿನಿಂದ ಹಿಡಿಕೆಗೆ ಕಬ್ಬಿಣದ ರಾಡು ಸಿಕ್ಕಿಸಿದ ಸದ್ದು.

ಭುಜ ಕೊಟ್ಟು ಗುದ್ದಿದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ!

ನಾನೂ ಡಾಕ್ಟ್ರಮ್ಮನೂ ಇದ್ದದ್ದು ಅವರ ಲ್ಯಾಬಿನ ಕೋಲ್ಡ್ ರೂಮಿನಲ್ಲಿ. ಆಳು ನಿಲ್ಲುವಷ್ಟು ದೊಡ್ಡ ಫ್ರಿಜ್ ಅಂದುಕೊಳ್ಳಿ ಸ್ವಾಮಿ. ಸ್ಟೀಲ್ ಗೋಡೆ, ಫೋನಿಗೆ ಸಿಗ್ನಲ್ ಇಲ್ಲ. ರಜೆಯ ದಿನ ಬೇರೆ, ಕಟ್ಟಡದಲ್ಲಿ ನರಪಿಳ್ಳೆಯಿಲ್ಲ. ಒಂದು ಔಷಧಿ ಬಾಟಲಿ ತೆಗೆದುಕೊಂಡು ಹೊರಡೋಣವೆಂದು ಒಳಗೆ ಕಾಲಿಟ್ಟಿದ್ದೆವು, ಅಷ್ಟೇ!

ಬಾಟಲಿ ಡಾಕ್ಟ್ರಮ್ಮನ ಮುಷ್ಟಿಯಲ್ಲಿತ್ತು. ವರ್ಷಗಟ್ಟಲೆ ಹೆಣಗಿ ಅವರು ಕಂಡುಹಿಡಿದ ಹೊಸ ಆಂಟಿಬಯೋಟಿಕ್. ಇರುವುದು ಒಬ್ಬರಿಗಾಗುವಷ್ಟೇ.

ಆ ಒಬ್ಬರು ನನ್ನ ಅಕ್ಕ!

ಮಂಡಿ ಆಪರೇಷನ್ ಆದಮೇಲೆ ಗಾಯ ಕೊಳೆಯಿತು. ಯಾವ ಔಷಧಿಗೂ ಆ ಕ್ರಿಮಿ ಜಗ್ಗಲಿಲ್ಲ. ಈ ಬಾಟಲಿ ಸಂಜೆಯೊಳಗೆ ಆಸ್ಪತ್ರೆಗೆ ತಲುಪಬೇಕು. ತಲುಪದಿದ್ದರೆ... ಬೇಡ ಬಿಡಿ. ಅಮ್ಮ ಹೋದಮೇಲೆ ನನಗೆ ತುತ್ತಿಟ್ಟು ಸಾಕಿದವಳು ಅವಳು.

ಬಾಗಿಲಿನ ಗಾಜಿನಾಚೆ ಒಂದು ಮುಖ. ಮೀಸೆ! ಈ ಮದ್ದಿನ ಮೇಲೆ ಕಣ್ಣಿಟ್ಟಿದ್ದ ಔಷಧಿ ಕಂಪನಿಯ ದಣಿಯೊಬ್ಬನ ಬಲಗೈ ಬಂಟ. ಎಲ್ಲರೂ ಅವನನ್ನು ಕರೆಯುವುದೇ ಮೀಸೆ ಅಂತ.

"ಗೋಡೇಲಿರೋ ಪೈಪ್ ತೂತಿನಿಂದ ಬಾಟಲಿ ಆಚೆ ತಳ್ಳಿ! ಬಾಗಿಲು ತೆಗೀತೀನಿ."

"ಮೊದ್ಲು ಬಾಗಿಲು!" ಅಂದೆ.

"ನಂಗೇನು ಅರ್ಜೆಂಟಿಲ್ಲಪ್ಪಾ... ನೀವು ಸೆಟೆದುಕೊಂಡ ಮೇಲೆ ನಾನೇ ಬಂದು ತಗೋತೀನಿ!"

ಹೇಳಿದವನೇ ಲ್ಯಾಬಿನ ಮೇಜಿಗೆ ಹೋದ. ಅಲ್ಲಿದ್ದ ಗಾಜಿನ ಪ್ಲೇಟುಗಳ ಮುಚ್ಚಳ ಕಿತ್ತು, ಒಳಗಿನ ಜೆಲ್ಲಿಯನ್ನು ಬೆರಳಿನಿಂದ ಕೆದಕತೊಡಗಿದ. ಇನ್ನಷ್ಟು ಮದ್ದು ಅದರಲ್ಲಿ ಅಡಗಿದೆ ಅಂದುಕೊಂಡನೇನೋ. ಏನೂ ಸಿಗದೆ ಮೀಸೆ ತಿರುವಿದ.

ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. "ಡಾಕ್ಟ್ರೇ, ಬಾಟಲಿ ಕೊಟ್ರೂ ಇವ್ನು ಬಿಡಲ್ಲ. ನಾವು ಅವನ ಮುಖ ನೋಡಿಬಿಟ್ಟಿದೀವಿ."

ಅವರು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಬಾಗಿಲು ಬಡಿದರು!

"ಏಯ್! ಕೆಂಪು ಗೆರೆ ಇರೋ ಪ್ಲೇಟ್ ಮುಟ್ಟಿದ್ಯಾ?"

"ಮುಟ್ಟಿದ್ರೇನೀಗ?"

"ಇವರ ಅಕ್ಕನ ಗಾಯದಿಂದ ತೆಗೆದು ಬೆಳೆಸಿದ ಕ್ರಿಮಿ ಕಣಯ್ಯಾ ಅದು! ಇರೋ ಔಷಧಿ ಯಾವುದಕ್ಕೂ ಸಾಯಲ್ಲ. ಈ ಬಾಟಲಿ ಒಂದಕ್ಕೇ!"

"ಸುಳ್ಳು!"

"ಸುಳ್ಳಾದ್ರೆ ಬೆರಳು ನೆಕ್ಕಿ ನೋಡು."

ಅವನ ಮುಖಕ್ಕೆ ಸುಣ್ಣ ಬಳಿದಂತಾಯಿತು. ಬೆರಳು ನೋಡಿಕೊಂಡ... ಪ್ಯಾಂಟಿಗೆ ಒರೆಸಿದ... ಆಮೇಲೆ ಪ್ಯಾಂಟನ್ನೇ ನೋಡಿಕೊಂಡ! ಮೀಸೆ ಮುಟ್ಟಿದ್ದು ನೆನಪಾಗಿ ಕಿರುಚಿದ.

"ಕೊಡಿ! ಬೇಗ ಕೊಡಿ ಅದನ್ನ!"

"ತೂತಿನಿಂದ ತಳ್ಳಿ ಒಡೆದುಹೋದ್ರೆ ನಿನ್ನ ಗತಿ ಗೋವಿಂದ! ಬಾಗಿಲು ತೆಗಿ!" ಅಂದರು ಡಾಕ್ಟ್ರಮ್ಮ.

ರಾಡು ಕಳಚಿತು. ಬಾಗಿಲು ಒಂದಿಂಚು ಸರಿಯಿತೋ ಇಲ್ಲವೋ, ಮೈಯ ಭಾರವನ್ನೆಲ್ಲ ಹಾಕಿ ತಳ್ಳಿದೆ. ಅಂಗಾತ ಬಿದ್ದ! ಅವನ ಬೆಲ್ಟಿನಿಂದಲೇ ಅವನ ಕೈಗಳನ್ನು ಬೇಸಿನ್ನಿನ ಪೈಪಿಗೆ ಬಿಗಿದೆ. ಡಾಕ್ಟ್ರಮ್ಮ ಹೊರಗೋಡಿ ಪೊಲೀಸರಿಗೆ ಫೋನ್ ಮಾಡಿದರು.

"ಅಣ್ಣಾ... ಒಂದೇ ಒಂದು ತೊಟ್ಟು! ಕಾಲಿಗೆ ಬೀಳ್ತೀನಿ!" ಅವನು ಗೋಳಾಡುತ್ತಿದ್ದ.

ಹೊರಡುವಾಗ ತಡೆಯಲಾಗದೆ ಕೇಳಿದೆ. "ಸತ್ತೋಗ್ತಾನಾ ಡಾಕ್ಟ್ರೇ?"

"ಔಷಧಿಗೆ ಬಗ್ಗಲ್ಲ ಅಂದೆ ಕಣ್ರೀ. ಚರ್ಮದ ಮೇಲೆ ತಾನೇ ಇರೋದು? ಸೋಪು ಹಚ್ಚಿ ತೊಳೆದ್ರೆ ಹೋಗತ್ತೆ!"

ಓಡಿಹೋಗಿ ಬೇಸಿನ್ನಿನ ಮೇಲಿದ್ದ ಸೋಪನ್ನು ಎತ್ತಿ ಜೇಬಿಗಿಳಿಸಿಕೊಂಡು ಬಂದೆ.

ಸಂಜೆ ಅಕ್ಕನಿಗೆ ಮೊದಲ ಇಂಜೆಕ್ಷನ್ ಬಿತ್ತು. ವಾರ್ಡಿನ ಹೊರಗೆ ಕೂತು ಮನಸಾರೆ ಅತ್ತೆ. ಆಮೇಲೆ ಮುಖ ತೊಳೆದುಕೊಂಡೆ... ಮೀಸೆಯ ಪಾಲಿನ ಸೋಪಿನಲ್ಲಿ!