ದೊಡ್ಡಬೀರಪ್ಪನ ನಾಡಿ

2024ರ ನವೆಂಬರ್ 12, ಮಂಗಳವಾರ. ಬೆಳಿಗ್ಗೆ 10.20ಕ್ಕೆ ಪಾಲಮ್ಮ ಹಗರಿಬೊಮ್ಮನಹಳ್ಳಿ ಠಾಣೆಗೆ ದೂರು ತಂದಳು. ಕುರಿ ಸಾಕುವ ಅವಳ ತಂದೆ ದೊಡ್ಡಬೀರಪ್ಪ ಹಿಂದಿನ ದಿನ ಹಟ್ಟಿಯಲ್ಲೇ ಕುಸಿದು ಬಿದ್ದು ಆಸ್ಪತ್ರೆ ಸೇರಿದ್ದ. ಯಾರೋ ವಿಷ ಹಾಕಿದ್ದಾರೆಂದು ಅವಳ ಅನುಮಾನ. ಇನ್‌ಸ್ಪೆಕ್ಟರ್ ಕ್ರಾಂತಿಕುಮಾರ್ ಎಫ್‌ಐಆರ್ ದಾಖಲಿಸಿ ಕಾನ್‌ಸ್ಟೇಬಲ್ ಭೂಮಿಕಾಳನ್ನು ಕರೆದರು. ಅವಳೂ ಕುರಿಗಾರರ ಮನೆಯವಳು. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು.

“ಬೀಳೋಕ ಮೊದ್ಲು ನಿಮ್ಮಪ್ಪ ಏನಂತಿದ್ದ?” ಭೂಮಿಕಾ ಕೇಳಿದಳು.

“ವಾಂತಿ ಮಾಡ್ಕೊಂತಿದ್ದ. ಕುರಿ ಎಲ್ಲಾ ಹಳದಿ ಕಾಣ್ತಾವ ಅಂತಿದ್ದ. ಬಿಸಿಲಿಗಿರಬೇಕು ಅಂತ ಸುಮ್ನಿದ್ವಿ.”

ಭೂಮಿಕಾ ಆ ಮಾತನ್ನು ಹಾಗೆಯೇ ಬರೆದುಕೊಂಡಳು. ಆಸ್ಪತ್ರೆಯಲ್ಲಿ ಅವಳು ಅದನ್ನು ಓದಿ ಹೇಳಿದಾಗ ದೊಡ್ಡಬೀರಪ್ಪನನ್ನು ನೋಡುತ್ತಿದ್ದ ಡಾ. ಗುರುಮೂರ್ತಿ ಇಸಿಜಿ ಹಾಳೆಯನ್ನು ಮತ್ತೆ ಬಿಡಿಸಿದರು.

“ಇದು ವಿಷ ಅಲ್ಲ, ಡಿಜಾಕ್ಸಿನ್ ಅನ್ನೋ ಔಷಧ. ಸೋತ ಹೃದಯಕ್ಕೆ ಬಲ ಕೊಡ್ತದೆ. ಆದ್ರೆ ಬಡಿತ ನಡೆಸೋ ವಿದ್ಯುತ್ತನ್ನ ನಿಧಾನ ಮಾಡ್ತದೆ. ಹೆಚ್ಚಾದ್ರೆ ಕಣ್ಣಿಗೆ ಹಳದಿ ಕಾಣ್ತದೆ, ಹೃದಯದ ಮೇಲಿನ ಕೋಣೆಯ ಸಂಕೇತ ಕೆಳಗಿನ ಕೋಣೆಗೆ ಮುಟ್ಟೋದಿಲ್ಲ. ಇವ್ರ ನಾಡಿ ಈಗ ಮೂವತ್ತಾರು. ನಾನು ಬರೆದಿದ್ದು ದಿನಕ್ಕೆ ಅರ್ಧ ಗುಳಿಗೆ.”

ಮಧ್ಯಾಹ್ನ 1.15ಕ್ಕೆ ಮನೆಯ ಪಂಚನಾಮೆ. ಒಲೆಯ ಗೂಡಿನಲ್ಲಿ ಬಿಡಿ ಗುಳಿಗೆಗಳ ಪೊಟ್ಟಣ ಸಿಕ್ಕಿತು. ಮೇಲೆ ಪೆನ್ನಿನಲ್ಲಿ, ‘ಮುಂಜಾನಿ 1, ಸಂಜಿ 1’.

“ಯಾರು ಕೊಟ್ಟಿದ್ದು?” ಭೂಮಿಕಾ ಕೇಳಿದಳು.

“ಗಾಳೆಪ್ಪ ಡಾಕ್ಟ್ರು,” ಎಂದಳು ಪಾಲಮ್ಮ.

ಗಾಳೆಪ್ಪ ಡಾಕ್ಟರಲ್ಲ, ಪಕ್ಕದೂರಿನ ಹಳೆಯ ಕಾಂಪೌಂಡರ್. 3.40ಕ್ಕೆ ಅವನ ಕೋಣೆಯಲ್ಲಿ, ಯಾರಿಗೆ ಯಾವ ಗುಳಿಗೆ ಎಂದು ಬರೆದಿಟ್ಟಿದ್ದ ರಿಜಿಸ್ಟರ್ ಜಪ್ತಿಯಾಯಿತು. ಕ್ರಾಂತಿಕುಮಾರ್ ಬಂಧನದ ಕಾಗದ ತೆಗೆಯುವಷ್ಟರಲ್ಲಿ ಭೂಮಿಕಾ ಹಾಳೆ ತಿರುವುತ್ತಿದ್ದಳು.

“ಸರ್, ಇದೇ ಗುಳಿಗಿ ಇನ್ನೂ ಆರು ಮಂದಿ ತಗೊಳ್ಳಾಕತ್ಯಾರ. ಮೊದ್ಲು ಅವ್ರ ಹತ್ರ ಹೋಗ್ಬೇಕ್ರಿ.”

ಅವರು ಜೀಪಿನ ಕೀಲಿಯನ್ನೇ ಅವಳ ಕೈಗೆ ಕೊಟ್ಟರು.

ಐದು ಮನೆಗಳಲ್ಲಿ ಪೊಟ್ಟಣ ಕಿತ್ತುಕೊಂಡು ಎಲ್ಲರನ್ನೂ ಆಸ್ಪತ್ರೆಗೆ ಕಳಿಸಿದಳು. ಆರನೆಯವಳು ಮಾಳಮ್ಮ, ಗೋಡೆಗೊರಗಿ ಕೂತಿದ್ದಳು. ಭೂಮಿಕಾ ಮಣಿಕಟ್ಟು ಹಿಡಿದು ಎಣಿಸಿದಳು. ನಲವತ್ತು. ಎತ್ತಿಕೊಂಡೇ ಜೀಪಿಗೆ ಹಾಕಿದಳು. ಇಸಿಜಿ ನೋಡಿದ ಡಾ. ಗುರುಮೂರ್ತಿ, “ಸಂಜೆ ಗುಳಿಗೆ ನುಂಗಿದ್ರೆ ಉಳೀತಿರ್ಲಿಲ್ಲ” ಎಂದರು.

ಸಂಜೆ 6.50ಕ್ಕೆ ರಕ್ತದ ವರದಿ ಬಂತು: ದೊಡ್ಡಬೀರಪ್ಪನಲ್ಲಿ ಔಷಧ ಮಿತಿಯ ಮೂರು ಪಟ್ಟು. 7.10ಕ್ಕೆ ಗಾಳೆಪ್ಪನ ಬಂಧನವಾಯಿತು.

“ಅರ್ಧ ಗುಳಿಗಿ ಎರಡು ಯಾಕ ಮಾಡಿದಿ?” ಕ್ರಾಂತಿಕುಮಾರ್ ಕೇಳಿದರು.

“ಇನ್ನೂ ದಮ್ಮು ಬರ್ತೈತಿ ಅಂದ್ರು ಸರ್. ಇಪ್ಪತ್ತೆರಡು ವರ್ಷ ನಮ್ಮೂರ ಡಾಕ್ಟ್ರ ಚೀಲ ಹೊತ್ತೆ. ಅವ್ರು ತೀರಿಕೊಂಡ ಮ್ಯಾಲೆ ಜನ ನನ್ನೇ ಡಾಕ್ಟ್ರು ಅಂದ್ರು. ನನಗ ಗೊತ್ತಿಲ್ಲ ಅನ್ನಾಕ ಬಾಯಿ ಬರ್ಲಿಲ್ಲ.” ಭೂಮಿಕಾಳತ್ತ ತಿರುಗಿ ಕೇಳಿದ, “ಮಾಳಮ್ಮ ಹೆಂಗದಾಳ್ರಿ?”

“ಬದುಕ್ಯಾಳ. ನಾಡಿ ಅರವತ್ತಕ್ಕ ಬಂದೈತಿ,” ಎಂದಳು ಭೂಮಿಕಾ.

ಗಾಳೆಪ್ಪ ಬಂಧನದ ಕಾಗದಕ್ಕೆ ಸಹಿ ಮಾಡಿದ. ಕ್ರಾಂತಿಕುಮಾರ್ ಕೇಸ್ ಡೈರಿಯನ್ನು ಅವಳತ್ತ ಸರಿಸಿ, “ಆರು ಜನರ ಸಂಗತಿ ನೀನೇ ಬರಿಯವ್ವ, ನಿನ್ನ ಹೆಸ್ರು ಹಾಕಿ,” ಎಂದರು. ಭೂಮಿಕಾ ಟೋಪಿ ಸರಿಮಾಡಿಕೊಂಡು, ನೆಟ್ಟಗೆ ಕೂತು ಬರೆಯತೊಡಗಿದಳು.